ಹೆಸರು ಹೇಳದ ಪ್ರಾರ್ಥನೆ

ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮ ಚರ್ಚಿನ ಸಭೆಯವರೆಲ್ಲ ಸೇರಿ ಮೂರು ವಾರ ಚಿಕ್ಕಬಳ್ಳಾಪುರದ ನಮ್ಮ ಅತ್ತೆಗೋಸ್ಕರ ಪ್ರಾರ್ಥನೆ ಮಾಡಿದರು. ಅತ್ತೆಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಎರಡು ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ ಬಂದು, ಮಧ್ಯಾಹ್ನ ಎರಡು ಮುದ್ದೆ ಉಂಡು ಮಲಗುವ ಹೆಂಗಸು. ಕಾಯಿಲೆ ಬಿದ್ದಿದ್ದವರು ಅವರ ತಮ್ಮ, ಅಂದರೆ ನಮ್ಮ ಅಪ್ಪ. ಆ ಸುಳ್ಳು ಅಮ್ಮನದು, ಅದನ್ನು ಒಡೆದವಳು ನಾನು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಿಲ್ಲ. ಈಗ ಹೇಳಿದರೆ ನೋಯುವವರು ಯಾರೂ ಉಳಿದಿಲ್ಲ, ನನ್ನ ಹೊರತು.

ಆಗ ನಾವಿದ್ದದ್ದು ಸಾರಕ್ಕಿಯಲ್ಲಿ, ಐದು ಮನೆಗಳ ಒಂದು ಸಾಲಿನ ಕೊನೆಯ ಮನೆಯಲ್ಲಿ. ಈಗ ಜೆ.ಪಿ. ನಗರಕ್ಕೆ ಮೆಟ್ರೋದಲ್ಲಿ ಹೋಗುವಾಗ ಆ ಕಡೆ ನೋಡುತ್ತೇನೆ. ಬೀದಿ ಗುರುತು ಸಿಗುತ್ತದೆ, ಮನೆ ಸಿಗುವುದಿಲ್ಲ, ಅಲ್ಲಿ ಟೈಲ್ಸ್ ಅಂಗಡಿ ಬಂದಿದೆ. ಆಗಿನ ಮನೆಯೆಂದರೆ ಮುಂದೊಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ಶೀಟು. ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಗೋಡೆಗೆ ಬೈಬಲ್ ವಾಕ್ಯದ ಕ್ಯಾಲೆಂಡರು, ಕಿಟಕಿಯ ಕೆಳಗೆ ಅಪ್ಪನ ಹಾರ್ಮೋನಿಯಂ. ಅಪ್ಪ ಜಯನಗರ ಫೋರ್ತ್ ಬ್ಲಾಕಿನಲ್ಲಿ ಒಬ್ಬ ಭಾಯಿಯ ಅಂಗಡಿಯಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ದಿನವಿಡೀ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿ ಕೂತಿರುತ್ತಿದ್ದ ಅವರ ನೆತ್ತಿಯನ್ನು ಬಿಟ್ಟರೆ ಗಿರಾಕಿಗಳು ಮುಖವನ್ನು ನೋಡಿದ್ದು ಕಡಿಮೆ. ಆದರೆ ಭಾನುವಾರ ಚರ್ಚಿನಲ್ಲಿ ಅವರು ಕ್ವಯರ್ ಮಾಸ್ಟರು, ಹಾಡುವ ತಂಡಕ್ಕೆ ಗುರು. ಅವರು ಒಂದು ಬೆರಳು ಎತ್ತಿದರೆ ಇಪ್ಪತ್ತು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಿದ್ದರು. ಚರ್ಚಿನ ಹಾರ್ಮೋನಿಯಂ ಪಕ್ಕದ ಬೆತ್ತದ ಕುರ್ಚಿಯಲ್ಲಿ ಅವರು ಕೂತಾಗ ನನಗೆ ಅವರು ನಮ್ಮ ಮನೆಯ ಅಪ್ಪ ಅನ್ನಿಸುತ್ತಲೇ ಇರಲಿಲ್ಲ, ಅಷ್ಟು ಎತ್ತರವಾಗಿ ಕಾಣುತ್ತಿದ್ದರು.

ಮನೆಯಲ್ಲಿ ದಿನಾ ಸಂಜೆ ಏಳು ಗಂಟೆಗೆ ಕುಟುಂಬ ಪ್ರಾರ್ಥನೆ. ಅಮ್ಮ, ನಾನು, ತಂಗಿ ಶೀಲಾ ಚಾಪೆಯ ಮೇಲೆ ಕೂರಬೇಕು. ಹಾಡು ಸರಿಯಾಗಿ ಬರುವ ತನಕ ಊಟವಿಲ್ಲ. ಒಂದೇ ಸಾಲನ್ನು ಐದು ಸಲ ಹಾಡಿಸುತ್ತಿದ್ದರು. ಒಲೆಯ ಮೇಲೆ ಸೊಪ್ಪಿನ ಸಾರು ಆರಿಹೋಗುತ್ತಿತ್ತು, ಅಮ್ಮನ ತಾಳ್ಮೆಯೂ ಅದರ ಜೊತೆಗೆ.

"ಏನ್ರೀ, ಪರಲೋಕಕ್ಕೆ ಹೋದ್ಮೇಲೆ ಹಾಡೋದು ಇದ್ದೇ ಇದೆ. ಇಲ್ಲಿ ಮುದ್ದೆ ಕಲ್ಲಾಗ್ತಾ ಇದೆ."

"ಅಲ್ಲಿ ಶ್ರುತಿ ತಪ್ಪಿದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ ಕಣೇ ಸುವಾರ್ತಾ. ಇನ್ನೊಂದ್ಸಲ. ಪಮ್ಮಿ, ನೀನು ಮೂಗಲ್ಲಿ ಹಾಡ್ಬೇಡ."

ದಸರಾ ರಜೆ ಮುಗಿದ ಮೇಲೆ ಅಪ್ಪ ಸುಮ್ಮನಾಗುತ್ತಾ ಬಂದರು. ಮೊದಲು ಹಾರ್ಮೋನಿಯಂನ ಮುಚ್ಚಳ ತೆಗೆಯುವುದನ್ನು ಬಿಟ್ಟರು. ಆಮೇಲೆ ನಾವು ಶ್ರುತಿ ತಪ್ಪಿದರೂ ತಿದ್ದುವುದನ್ನು ಬಿಟ್ಟರು. ಆಮೇಲೆ ಸ್ನಾನ, ಆಮೇಲೆ ಅಂಗಡಿ. ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಕೂತುಬಿಡುತ್ತಿದ್ದರು. ಒಂದು ಬೆಳಿಗ್ಗೆ ಎರಡು ಅಂಗಿ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಯಾವುದನ್ನು ಹಾಕಿಕೊಳ್ಳಬೇಕೆಂದು ಗೊತ್ತಾಗುತ್ತಿಲ್ಲ ಅಂತ ಅತ್ತರು. ಬಿಳಿಯದೊಂದು, ನೀಲಿ ಗೆರೆಯದೊಂದು. ಅಮ್ಮ ನೀಲಿಯದನ್ನು ಅವರಿಗೆ ತಾನೇ ತೊಡಿಸಿದಳು. ಮಾರನೆಯ ದಿನ ನಮ್ಮ ಸೋದರಮಾವ ಆಟೋ ತಂದರು, ಅಮ್ಮನೂ ಮಾವನೂ ಸೇರಿ ಅಪ್ಪನನ್ನು ಮನಸ್ಸಿನ ಕಾಯಿಲೆಯ ಆಸ್ಪತ್ರೆಗೆ ಸೇರಿಸಿ ಬಂದರು. ಡಾಕ್ಟರು, ಇದು ವಾಸಿಯಾಗುವ ಕಾಯಿಲೆ, ಎರಡು ಮೂರು ತಿಂಗಳು ಹಿಡಿಯಬಹುದು ಅಂದರಂತೆ. ಅದು ಆ ವರ್ಷದ ಮೊದಲ ಕೃಪೆ. ಅಮ್ಮ ಬಂದವಳೇ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಅಡುಗೆಮನೆಗೆ ಕರೆದಳು.

"ನೋಡು ಪಮ್ಮಿ, ನೀನು ದೊಡ್ಡವಳು ಅಂತ ಹೇಳ್ತಿದೀನಿ. ಅಪ್ಪ ಎಲ್ಲಿದಾರೆ ಅಂತ ಯಾರಿಗೂ ಹೇಳ್ಕೂಡ್ದು. ಸ್ಕೂಲಲ್ಲಿ ಬೇಡ. ಚರ್ಚಲ್ಲಂತೂ ಬೇಡವೇ ಬೇಡ."

"ಚರ್ಚಲ್ಲಿ ಯಾಕಮ್ಮ? ಹೇಳಿದ್ರೆ ಪ್ರಾರ್ಥನೆ ಮಾಡ್ತಾರಲ್ಲ?"

"ಮಾಡ್ತಾರೆ. ಮಾಡಿದ್ಮೇಲೆ ಕ್ವಯರ್ ಬೇರೆಯವ್ರಿಗೆ ಕೊಡ್ತಾರೆ. ವಾಕ್ಯ ಓದ್ತಿದ್ದ ಆ ತಾತಂಗೆ ಒಂದ್ಸಲ ಫಿಟ್ಸ್ ಬಂತು, ಆಮೇಲೆ ಓದಕ್ಕೆ ಬಿಟ್ರಾ? ನಿಮ್ಮಪ್ಪ ವಾಪಸ್ ಬಂದಾಗ ಆ ಕುರ್ಚಿ ಅಲ್ಲೇ ಇರ್ಬೇಕು. ಅದೂ ಇಲ್ಲ ಅಂದ್ರೆ ಅವ್ರು ಯಾತಕ್ಕೆ ಎದ್ದು ಕೂರ್ತಾರೆ ಹೇಳು?"

ಹಾಗಾಗಿ ಅಪ್ಪ ಚಿಕ್ಕಬಳ್ಳಾಪುರಕ್ಕೆ ಹೋದರು. ಅವರ ಅಕ್ಕನಿಗೆ ಕಾಮಾಲೆ, ನೋಡಿಕೊಳ್ಳಲು ಯಾರೂ ಇಲ್ಲ. ಅಮ್ಮ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಅದಕ್ಕೇ ಒಂದು ಸುಳ್ಳಿಗೆ ಬೇಕಾದಷ್ಟಕ್ಕಿಂತ ಹೆಚ್ಚು ವಿವರ ಕೊಟ್ಟುಬಿಟ್ಟಳು. ಕಣ್ಣು ಹಳದಿಯಾಗಿದೆ ಅಂದಳು, ಊಟ ಸೇರುತ್ತಿಲ್ಲ ಅಂದಳು. ನಮ್ಮ ಪಾದ್ರಿ ಅಯ್ಯನವರು ಆರಾಧನೆಯಲ್ಲಿ ಅತ್ತೆಯ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಹೊರಗೆ ಬಂದರೆ ಒಬ್ಬೊಬ್ಬರದು ಒಂದೊಂದು ಔಷಧಿ. ಎಸ್ತೇರಮ್ಮಜ್ಜಿ ಅಂತ ನಮ್ಮ ಸಭೆಯ ಹಿರಿಯ ವಿಧವೆ ಒಬ್ಬರಿದ್ದರು, ಎಲ್ಲರ ಮನೆಯ ಬಾಣಂತನಕ್ಕೂ ಸಾವಿಗೂ ಅವರೇ ಮೊದಲು. ಅವರು ಎಲ್ಲೆಲ್ಲೋ ಹುಡುಕಿ ಒಂದು ಕಟ್ಟು ನೆಲನೆಲ್ಲಿ ಸೊಪ್ಪು ಕಿತ್ತು ತಂದು, ಇವತ್ತೇ ಬಸ್ಸಿಗೆ ಕೊಟ್ಟು ಕಳಿಸು ಅಂತ ಅಮ್ಮನ ಕೈಗಿಟ್ಟರು. ಆ ಮುದುಕಿ ಬಗ್ಗಿ ಕಿತ್ತ ಸೊಪ್ಪನ್ನು ಎಸೆಯಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಅರೆದು ಮಜ್ಜಿಗೆಗೆ ಹಾಕಿ ನಮಗೇ ಕುಡಿಸಿದಳು. ಕಾಮಾಲೆ ಇಲ್ಲದ ನಾನೂ ಶೀಲಾನೂ ಮೂರು ದಿನ ಕಾಮಾಲೆಯ ಔಷಧಿ ಕುಡಿದೆವು.

ನನಗೆ ಸುಳ್ಳಿಗಿಂತ ಹೆಚ್ಚು ಹೆದರಿಕೆಯಾದದ್ದು ಬೇರೆ ವಿಷಯಕ್ಕೆ. ಒಂದು ಗುರುವಾರ ಅಮ್ಮ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಪ್ಪ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಾನು ಅಪ್ಪಾ ಅಂದರೆ ನನ್ನ ಕಡೆ ತಿರುಗಿದರು, ಆದರೆ ನೋಡಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಇಡೀ ಸಭೆಯ ಪ್ರಾರ್ಥನೆಯೆಲ್ಲ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದೆ. ಚೆನ್ನಾಗಿರುವ ಅತ್ತೆ ಇನ್ನೂ ಚೆನ್ನಾಗಿ ಆಗುತ್ತಿದ್ದಾರೆ. ಅಪ್ಪನ ಪಾಲಿಗೆ ಬರುತ್ತಿರುವುದು ನಮ್ಮ ಮೂವರದು ಮಾತ್ರ, ಅದರಲ್ಲಿ ಶೀಲಾ ಪ್ರಾರ್ಥನೆಯ ಮಧ್ಯೆಯೇ ನಿದ್ದೆ ಹೋಗುತ್ತಾಳೆ. ಇದಕ್ಕೇ ಅಪ್ಪನಿಗೆ ವಾಸಿಯಾಗುತ್ತಿಲ್ಲ. ಹನ್ನೊಂದು ವರ್ಷದ ನನಗೆ ಅದು ಗಣಿತದಷ್ಟು ಸ್ಪಷ್ಟವಾಗಿತ್ತು.

ನಮ್ಮ ಸಂಡೇ ಸ್ಕೂಲಿಗೆ ಲಿಲ್ಲಿ ಟೀಚರ್ ಬರುತ್ತಿದ್ದರು. ಕತ್ರಿಗುಪ್ಪೆಯ ಒಂದು ನರ್ಸರಿ ಶಾಲೆಯಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಪೌಡರಿನ ವಾಸನೆ, ಮಾತಾಡುವಾಗ ನಮ್ಮ ಎರಡು ಕೈಗಳನ್ನೂ ತಮ್ಮ ಕೈಯೊಳಗೆ ಇಟ್ಟುಕೊಳ್ಳುತ್ತಿದ್ದರು. ನನಗೆ ಬಾಯಿಬಿಟ್ಟು ಪ್ರಾರ್ಥನೆ ಮಾಡುವುದನ್ನು ಕಲಿಸಿದವರು ಅವರೇ. ದೇವರ ಜೊತೆ ಮಾತಾಡುವಾಗ ಪುಸ್ತಕದ ಭಾಷೆ ಬೇಡ, ಅಪ್ಪನ ಜೊತೆ ಮಾತಾಡುವ ಹಾಗೆ ಮಾತಾಡು ಅನ್ನುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಅವರ ಹಾಗೇ ಆಗಬೇಕು ಅಂದುಕೊಂಡಿದ್ದೆ. ಆ ಭಾನುವಾರ ತರಗತಿ ಮುಗಿದ ಮೇಲೆ ಹೊಂಗೆ ಮರದ ಕೆಳಗೆ ಅವರೊಬ್ಬರೇ ಸಿಕ್ಕರು.

"ಟೀಚರ್, ತಪ್ಪು ಹೆಸರಿಗೆ ಮಾಡಿದ ಪ್ರಾರ್ಥನೆನ ದೇವರು ಸರಿಯಾದವ್ರಿಗೆ ಕೊಡ್ತಾರಾ?"

"ಇದೇನು ಪ್ರಶ್ನೆ ಮಗಳೇ? ಯಾರ ಹೆಸರು ತಪ್ಪಾಯ್ತು?"

ನಾನು ಎಲ್ಲ ಹೇಳಿದೆ. ಅಂಗಿಯದು, ಆಟೋದು, ಕಲ್ಲುಬೆಂಚಿನದು. ಟೀಚರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಅಷ್ಟು ದಿನ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು.

"ಯಾರಿಗೂ ಹೇಳ್ಬೇಡಿ ಟೀಚರ್. ಕುರ್ಚಿ ಹೋಗುತ್ತೆ. ನೀವೊಬ್ರೇ ಪ್ರಾರ್ಥನೆ ಮಾಡಿ."

"ಪ್ರಾಮಿಸ್. ಇದು ನಮ್ಮಲ್ಲೇ ಇರುತ್ತೆ. ನೀನು, ನಾನು, ಕರ್ತನು. ಸರೀನಾ?"

ಪ್ರತಿ ಬುಧವಾರ ಮಧ್ಯಾಹ್ನ ನಾಲ್ಕಕ್ಕೆ ಸ್ತ್ರೀ ಸಮಾಜದವರ ಮನೆ ಪ್ರಾರ್ಥನೆ ನಡೆಯುತ್ತಿತ್ತು, ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ. ನಾನು ಟೀಚರಿಗೆ ಹೇಳಿದ ಮುಂದಿನ ಬುಧವಾರ ಸರದಿ ನಮ್ಮದು. ಬೇಡವೆಂದರೆ ಜನ ಕಾರಣ ಕೇಳುತ್ತಾರೆ ಅಂತ ಅಮ್ಮ ಒಪ್ಪಿಕೊಂಡಿದ್ದಳು. ಪಕ್ಕದ ಮನೆಯಿಂದ ಎರಡು ಚಾಪೆ ತಂದು, ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಆಲೂಗಡ್ಡೆ ಬೋಂಡ ಕರಿದಿಟ್ಟಳು. ಹದಿನಾಲ್ಕು ಹೆಂಗಸರು ಬಂದರು. ಲಿಲ್ಲಿ ಟೀಚರ್ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು, ಬಂದವರೇ ನನ್ನ ಕೆನ್ನೆ ಮುಟ್ಟಿದರು. ಹಾಡಾಯಿತು, ವಾಕ್ಯ ಓದಿದ್ದಾಯಿತು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಒಬ್ಬೊಬ್ಬರಾಗಿ ಬಾಯಿಬಿಟ್ಟು ಪ್ರಾರ್ಥಿಸುವುದು. ನಮ್ಮವರಲ್ಲಿ ಒಂದು ರೂಢಿಯಿದೆ. ಯಾರದಾದರೂ ಗುಟ್ಟಿನ ಕಷ್ಟವನ್ನು ಪ್ರಾರ್ಥನೆಯಲ್ಲಿ ಎತ್ತುವಾಗ ಹೆಸರು ಹೇಳುವುದಿಲ್ಲ. ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ. ಕೊನೆಗೆ ಲಿಲ್ಲಿ ಟೀಚರ ಸರದಿ ಬಂತು.

"ಪರಲೋಕದ ತಂದೆಯೇ, ಹೆಸರು ಬೇಡ ಸ್ವಾಮಿ, ನೀನು ಬಲ್ಲೆ. ನಿನ್ನ ಆಲಯದಲ್ಲಿ ನಮಗೆ ಹಾಡು ಕಲಿಸಿದ ನಿನ್ನ ದಾಸ, ಸಣ್ಣ ಸಣ್ಣ ಗಡಿಯಾರಗಳನ್ನ ಸರಿಮಾಡಿದ ಆ ಕೈ, ಇವತ್ತು ಯಾವ ಅಂಗಿ ಹಾಕ್ಕೋಬೇಕು ಅಂತಲೂ ತಿಳಿಯದೆ ಮನೋರೋಗದ ಆಸ್ಪತ್ರೆಯಲ್ಲಿ ಕೂತಿದೆ ಸ್ವಾಮಿ. ಅವನ ಹೆಂಡತಿಯ ಬಾಯಿಯನ್ನ ಭಯ ಕಟ್ಟಿಹಾಕಿದೆ. ಅವನ ಎಳೆಯ ಮಗಳು ಈ ಭಾರ ಹೊತ್ಕೊಂಡು ನನ್ನ ಹತ್ರ ಬಂದು ಅತ್ತಳು ಸ್ವಾಮಿ. ಹೆಸರು ನಿನಗೆ ಗೊತ್ತು."

ಅಲ್ಲಿಯ ತನಕ ಪ್ರತಿ ಮಾತಿಗೂ ಸ್ತೋತ್ರ, ಸ್ತೋತ್ರ ಅನ್ನುತ್ತಿದ್ದ ಹೆಂಗಸರು ಒಮ್ಮೆಲೇ ನಿಲ್ಲಿಸಿದರು. ನಾನು ಕಣ್ಣು ತೆರೆದೆ. ಅಮ್ಮನೂ ತೆರೆದಿದ್ದಳು. ಅವಳು ಲಿಲ್ಲಿ ಟೀಚರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಆ ಕೋಣೆಯಲ್ಲಿ ಕಣ್ಣು ತೆರೆದಿದ್ದವರು ನಾವಿಬ್ಬರೇ. ಆಮೆನ್ ಆದ ಮೇಲೂ ಯಾರೂ ತಲೆ ಎತ್ತಲಿಲ್ಲ. ಅಮ್ಮ ಎದ್ದು ಒಳಗೆ ಹೋಗಿ ಕಾಫಿ ಬಿಸಿಮಾಡಿ ತಂದಳು, ಎಲ್ಲರಿಗೂ ಬೋಂಡ ಕೊಟ್ಟಳು. ಕೊನೆಗೆ ಎಸ್ತೇರಮ್ಮಜ್ಜಿಯೇ ಬಾಯಿಬಿಟ್ಟರು.

"ಸುವಾರ್ತಾ, ಹಂಗಾದ್ರೆ ನನ್ನ ನೆಲನೆಲ್ಲಿ ಸೊಪ್ಪು ಯಾರು ತಿಂದ್ರೇ?"

"ಈ ಎರಡು ಮಕ್ಳೇ ತಿಂದ್ವು ಅಜ್ಜಿ."

"ಬಿಡು, ಹೊಟ್ಟೆಗೂ ಈಲಿಗೂ ಒಳ್ಳೇದು."

ಅಮ್ಮ ನಕ್ಕಳು. ನಗುತ್ತಿದ್ದ ಹಾಗೇ ಅಳು ಬಂದು ಅಜ್ಜಿಯ ಹೆಗಲಿಗೆ ಮುಖ ಇಟ್ಟಳು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಅದನ್ನೂ ನಾನು ಕೃಪೆ ಅಂತಲೇ ಎಣಿಸಬೇಕು, ಎಣಿಸಿದ್ದೇನೆ. ಆದರೆ ಎಲ್ಲರೂ ಹೋದ ಮೇಲೆ ಶೀಲಾಳಿಗೆ ತಲೆ ಬಾಚಿ, ಮಂಚ ಇಳಿಸಿ, ಚಾಪೆ ಸುತ್ತಿ, "ಪ್ರಮೀಳಾ, ಇದನ್ನ ಪಕ್ಕದ್ಮನೆಗೆ ಕೊಟ್ಟು ಬಾ" ಅಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಪಮ್ಮಿ. ಅವತ್ತು ಶಾಲೆಯ ಹಾಜರಿ ಪುಸ್ತಕದ ಹೆಸರು ಹಿಡಿದು ಕರೆದಳು. ಬೈಗುಳ ಇಲ್ಲ, ಪ್ರಶ್ನೆ ಇಲ್ಲ. ಆಮೇಲೆ ಮನೆಯ ಯಾವ ಮಾತನ್ನೂ ಅವಳು ನನಗೆ ಮೊದಲೇ ಹೇಳಿದ್ದಿಲ್ಲ. ಮನೆ ಬದಲಾಯಿಸುವುದು, ಅಮ್ಮನ ತಾಯಿ ಸತ್ತದ್ದು, ಕೊನೆಗೆ ನನಗೆ ಗಂಡು ನೋಡಲು ಬರುವುದು ಕೂಡ ಶೀಲಾಳ ಮೂಲಕ ನನಗೆ ತಿಳಿಯುತ್ತಿತ್ತು.

ಮಾರನೆಯ ದಿನದಿಂದ ಸಹಾಯ ಬರತೊಡಗಿತು. ಇದನ್ನು ಬರೆಯದೆ ಉಳಿದದ್ದನ್ನು ಮಾತ್ರ ಬರೆದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ನಮ್ಮ ಹೆಂಗಸರು ದಿನಾ ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಡಬ್ಬಿಯಲ್ಲಿ ಎತ್ತಿಡುತ್ತಾರೆ, ತಿಂಗಳ ಮೊದಲ ಭಾನುವಾರ ಅದನ್ನೆಲ್ಲ ಚರ್ಚಿಗೆ ತಂದು ಒಂದೇ ಚೀಲಕ್ಕೆ ಸುರಿಯುತ್ತಾರೆ. ಇಲ್ಲದವರ ಮನೆಗೆ ಅದು ಹೋಗುತ್ತದೆ. ಮದುವೆಯಾದಾಗಿನಿಂದ ಹಿಡಿ ಅಕ್ಕಿ ಕೊಟ್ಟೇ ಗೊತ್ತಿದ್ದ ಅಮ್ಮನ ಮನೆಗೆ ಈ ಸಲ ಆ ಚೀಲವೇ ಬಂತು. ಸಣ್ಣಕ್ಕಿ, ರೇಷನ್ ಅಕ್ಕಿ, ಯಾರದೋ ಮನೆಯ ಕುಸುಬಲಕ್ಕಿ, ಎಲ್ಲ ಸೇರಿದ ಅಕ್ಕಿ ಅದು. ಬೇಯಿಸಿದರೆ ಕೆಲವು ಅಗುಳು ಗಂಜಿಯಾಗುತ್ತಿತ್ತು, ಕೆಲವು ಹಲ್ಲಿಗೆ ಸಿಗುತ್ತಿತ್ತು. ಮೂರು ತಿಂಗಳು ನಾವು ಇಡೀ ಸಭೆಯ ಅಡುಗೆಮನೆಗಳನ್ನು ಒಂದೇ ತಟ್ಟೆಯಲ್ಲಿ ಉಂಡೆವು. ಚರ್ಚಿನ ಸೆಕ್ರೆಟರಿ ಸತ್ಯರಾಜ್ ಅಂಕಲ್ ಹೆಂಡತಿ ದಿನಾ ಶಾಲೆ ಬಿಟ್ಟ ಮೇಲೆ ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆದುಕೊಂಡು ಹೋಗಿ ಹೋಂವರ್ಕ್ ಮಾಡಿಸುತ್ತಿದ್ದರು. ಅಯ್ಯನವರು ತಮ್ಮ ಸ್ಕೂಟರಿನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಬಿಡುತ್ತಿದ್ದರು. ಎಸ್ತೇರಮ್ಮಜ್ಜಿ ದಿನ ಬಿಟ್ಟು ದಿನ ಬಸ್ ಹತ್ತಿ ಹೋಗಿ ಅಪ್ಪನ ಪಕ್ಕ ಕೂತು, ಮಾತೇ ಆಡದ ಮನುಷ್ಯನಿಗೆ ತಮ್ಮ ಕೋಳಿಗಳ ಕಥೆ, ಸೊಸೆಯ ಕಥೆ, ನಲ್ಲಿ ನೀರಿನ ಜಗಳ ಎಲ್ಲ ಹೇಳುತ್ತಿದ್ದರು. ಒಂದು ದಿನ ಅಪ್ಪ, "ಕೆಂಪು ಹುಂಜ ಸಿಕ್ತಾ ಅಜ್ಜಿ?" ಅಂತ ಕೇಳಿದರಂತೆ. ಎರಡು ತಿಂಗಳಲ್ಲಿ ಅವರಾಗಿ ಆಡಿದ ಮೊದಲ ಮಾತು ಅದು. ಅಜ್ಜಿ ಅದನ್ನು ಹೇಳುವಾಗ ಬೈಬಲಿನ ಲಾಜರನೇ ಸಮಾಧಿಯಿಂದ ಎದ್ದು ಬಂದ ಹಾಗೆ ಹೇಳುತ್ತಿದ್ದರು.

ಇಷ್ಟೆಲ್ಲ ಆದರೂ ನನಗೆ ಲಿಲ್ಲಿ ಟೀಚರ ಮುಖ ನೋಡಲು ಆಗುತ್ತಿರಲಿಲ್ಲ. ಸಂಡೇ ಸ್ಕೂಲಿನ ಮಕ್ಕಳು, "ನಿಮ್ಮಪ್ಪ ಹುಚ್ಚಾಸ್ಪತ್ರೇಲಿ ಇದಾರಂತೆ, ಕಟ್ಟಾಕಿದಾರಾ?" ಅಂತ ಕೇಳುತ್ತಿದ್ದರು. ಒಂದು ಭಾನುವಾರ ಟೀಚರೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಯಾಕೆ ಪ್ರಮೀಳಾ, ನನ್ನ ಮೇಲೆ ಕೋಪಾನಾ?"

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ರಿ."

"ನಾನು ಯಾರಿಗೆ ಹೇಳ್ದೆ ಮಗಳೇ? ದೇವರಿಗೆ ತಾನೇ ಹೇಳಿದ್ದು?"

ಅವರು ನನ್ನನ್ನು ಮರುಳು ಮಾಡಲು ಹಾಗೆ ಅನ್ನಲಿಲ್ಲ. ಅವರ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಆ ಆಶ್ಚರ್ಯವನ್ನು ನಾನು ಇವತ್ತಿಗೂ ಕ್ಷಮಿಸಿದ್ದೇನೋ ಇಲ್ಲವೋ ಗೊತ್ತಿಲ್ಲ. ಕೊನೆಯ ವರ್ಷಗಳಲ್ಲಿ ಅವರು ಬನಶಂಕರಿಯ ಒಂದು ವೃದ್ಧಾಶ್ರಮದಲ್ಲಿದ್ದರು. ನಾನು ಪ್ರತಿ ಶುಕ್ರವಾರ ಹೋಗಿ ಉಗುರು ಕತ್ತರಿಸಿ, ಮೀನು ಸಾರು ಉಣ್ಣಿಸಿ ಬರುತ್ತಿದ್ದೆ. ಹೊರಡುವಾಗ ನನ್ನ ಎರಡು ಕೈಗಳನ್ನೂ ಹಿಡಿದು, ಏನಾದರೂ ಪ್ರಾರ್ಥನಾ ವಿಷಯ ಇದೆಯಾ ಮಗಳೇ ಅಂತ ಕೇಳುತ್ತಿದ್ದರು. ನನ್ನ ಗಂಡನಿಗೆ ಬೈಪಾಸ್ ಆದ ವಾರವೂ ನಾನು, ಎಲ್ಲ ಚೆನ್ನಾಗಿದೆ ಟೀಚರ್, ಅಂದೆ.

ಜನವರಿ ಕಳೆದ ಮೇಲೆ ಅಪ್ಪ ಮನೆಗೆ ಬಂದರು. ತೆಳ್ಳಗಾಗಿದ್ದರು, ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು, ಆದರೆ ನನ್ನನ್ನು ನೋಡಿದಾಗ ನೋಡಿದರು. ಮೊದಲು ಅಂಗಡಿಗೆ ಹೋದರು. ಅಲ್ಲಿ ಭಾಯಿ ಹೇಳಿದ ಮಾತನ್ನು ಅಪ್ಪ ಮನೆಗೆ ಬಂದು ಮೂರು ಸಲ ನಮಗೆ ಹೇಳಿದರು.

"ನಿಮ್ ಮೇಜು ಹಾಗೇ ಇದೆ ಮಾಸ್ಟರ್. ಯಾರ್ನೂ ಕೂರ್ಸಿಲ್ಲ. ಧೂಳು ಮಾತ್ರ ನಾನೇ ಒರೆಸಿದೀನಿ. ಕೈ ನಡುಗೋದು ನಿಲ್ಲೋವರೆಗೂ ದೊಡ್ಡ ಗಡಿಯಾರ ಮಾಡಿ."

ಆ ಶನಿವಾರ ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತಾವೇ ತೆಗೆದು ಹಾಕಿಕೊಂಡು, ಕ್ವಯರ್ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ರಾಕ್ಟೀಸಿಗೆ ಹೊರಟರು. ಜೊತೆಗೆ ನನ್ನನ್ನು ಕರೆದರು. ಚರ್ಚಿನೊಳಗೆ ಹಾಡು ಆಗಲೇ ಶುರುವಾಗಿತ್ತು. ಬೆತ್ತದ ಕುರ್ಚಿಯಲ್ಲಿ ಸತ್ಯರಾಜ್ ಅಂಕಲ್ ಅಳಿಯ ಕೂತಿದ್ದ. ಮೈಸೂರಿನಿಂದ ವರ್ಗವಾಗಿ ಬಂದವನು, ಕೀಬೋರ್ಡ್ ನುಡಿಸುತ್ತಿದ್ದ. ನಮ್ಮನ್ನು ನೋಡಿ ಹಾಡು ಒಂದೊಂದೇ ದನಿಯಾಗಿ ನಿಂತಿತು. ಅಂಕಲ್ ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಬನ್ನಿ ಬ್ರದರ್, ದೇವರಿಗೆ ಸ್ತೋತ್ರ. ನೋಡಿ, ನಿಮಗೆ ಇನ್ಮೇಲೆ ಟೆನ್ಷನ್ ಬೇಡ ಅಂತ ಕಮಿಟಿಯವ್ರು ತೀರ್ಮಾನ ಮಾಡಿದ್ವಿ. ನಿಮ್ಮ ಒಳ್ಳೇದಕ್ಕೇ. ಪ್ರಾರ್ಥನೆ ಮಾಡಿ ತಗೊಂಡ ತೀರ್ಮಾನ."

"ಡಾಕ್ಟರು ಎಲ್ಲಾ ಕೆಲ್ಸ ಮಾಡ್ಬೋದು ಅಂದಿದಾರೆ."

"ಡಾಕ್ಟರು ಹೇಳ್ತಾರೆ. ಆರಾಧನೆ ಮಧ್ಯದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹಾಗಾದ್ರೆ ಗಂಡಸ್ರ ಸಾಲಲ್ಲಿ, ಬೇಸ್‌ನಲ್ಲಿ ನಿಂತ್ಕೋತೀನಿ. ಸುಮ್ನೆ ಹಾಡ್ತೀನಿ."

"ಸ್ವಲ್ಪ ದಿನ ಹೋಗ್ಲಿ ಬ್ರದರ್."

ಅಪ್ಪ ಜಗಳವಾಡಲಿಲ್ಲ. ನೋಟ್‌ಬುಕ್ ಬಿಚ್ಚಿ, ಅಳಿಯನ ಹತ್ತಿರ ಹೋಗಿ, "ಇಲ್ಲಿ ಮೂರನೇ ಸಾಲಲ್ಲಿ ಆಲ್ಟೋ ಹೆಂಗಸ್ರು ಯಾವಾಗ್ಲೂ ಬೇಗ ಬರ್ತಾರೆ, ಕೈ ತೋರಿಸ್ಬೇಕು" ಅಂತ ಹೇಳಿ ಪುಸ್ತಕವನ್ನು ಅವನ ಮಡಿಲಲ್ಲಿಟ್ಟರು. ಅಲ್ಲಿ ನಿಂತಿದ್ದವರೆಲ್ಲ ನಮಗೆ ಹಿಡಿ ಅಕ್ಕಿ ಕೊಟ್ಟವರೇ. ಅವರಲ್ಲಿ ಅರ್ಧ ಜನಕ್ಕೆ ಸ್ವರ ಕಲಿಸಿದ್ದು ಅಪ್ಪ. ಒಬ್ಬರೂ ಒಂದು ಮಾತಾಡಲಿಲ್ಲ. ಎಲ್ಲರ ಮುಖದಲ್ಲೂ ನಮ್ಮ ಮೇಲೆ ಪ್ರೀತಿಯೇ ಇತ್ತು. ಮನೆಯ ತನಕ ಅಪ್ಪ ನನ್ನ ಜೊತೆ ಮಾತಾಡುತ್ತಲೇ ಬಂದರು, ಹವೆಯ ಬಗ್ಗೆ, ರಸ್ತೆ ಅಗೆದಿರುವುದರ ಬಗ್ಗೆ. ಬಂದು ಮಂಚದ ಮೇಲೆ ಕೂತರು. ಗೋಡೆಯ ಕಡೆ ತಿರುಗಲಿಲ್ಲ. ಅಮ್ಮ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ನೋಟ್‌ಬುಕ್ ಇಲ್ಲದ ಅವರ ಕೈ ನೋಡಿದಳು.

ಮಾರನೆಯ ದಿನ ಆರಾಧನೆಯಲ್ಲಿ ಅಯ್ಯನವರು ನಮ್ಮ ಕುಟುಂಬವನ್ನು ಕೃತಜ್ಞತಾ ಸ್ತುತಿಗೆ ಮುಂದೆ ಕರೆದರು. ಕಷ್ಟದಿಂದ ಪಾರಾಗಿ ಬಂದವರು ಸಭೆಯ ಮುಂದೆ ನಿಂತು ದೇವರಿಗೂ ಜನರಿಗೂ ವಂದನೆ ಹೇಳುವುದು ನಮ್ಮ ಪದ್ಧತಿ. ಹೇಳಬೇಕಾದವರು ಅಪ್ಪ. ಅಪ್ಪ ಏಳುವ ಮುಂಚೆ ಅಮ್ಮ ಎದ್ದು ಹೋದಳು. ಮನೆಯ ಚಾಪೆಯ ಮೇಲೆ ಹೊರತು ಎಲ್ಲೂ ಬಾಯಿಬಿಟ್ಟು ಪ್ರಾರ್ಥನೆ ಕೂಡ ಮಾಡದವಳು ಅವಳು. ಮೈಕ್ ಹಿಡಿಯಲು ಬರದೆ ಅದರ ಪಕ್ಕದಲ್ಲಿ ನಿಂತು ಮಾತಾಡಿದಳು.

"ದೇವರಿಗೆ ಸ್ತೋತ್ರ. ಎಸ್ತೇರಮ್ಮಜ್ಜಿ ಇಪ್ಪತ್ತಾರು ದಿನ ಬಸ್ಸಲ್ಲಿ ಹೋಗಿ ಅವ್ರ ಹತ್ರ ಕೂತಿದ್ರು, ವಂದನೆ. ಅಯ್ಯನವ್ರು ಸ್ಕೂಟರಲ್ಲಿ ಬಿಟ್ರು, ವಂದನೆ. ಸೆಕ್ರೆಟರಿ ಅಣ್ಣನ ಮನೆಯಾಕೆ ನನ್ನ ಮಕ್ಳಿಗೆ ಪಾಠ ಹೇಳ್ಕೊಟ್ರು, ವಂದನೆ."

ಹೀಗೆ ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಾ ಹೋದಳು. ಬೇಳೆ ತಂದವರು, ತಂಗಿಯ ಫ್ರಾಕ್ ಹೊಲಿದುಕೊಟ್ಟವರು, ಒಂದೇ ಒಂದು ದಿನ ರಸ ತಂದುಕೊಟ್ಟವರನ್ನೂ ಬಿಡಲಿಲ್ಲ. ಹೆಸರು ಕೇಳಿದವರು ಕೂತಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಯ್ಯನವರು ಮುಗಿಯಿತೆಂದು ಆಮೆನ್ ಅಂದರು. ಅಮ್ಮ ಇಳಿಯಲಿಲ್ಲ.

"ಇನ್ನೊಂದಿದೆ ಅಯ್ಯನವ್ರೇ. ಅದನ್ನ ಬಿಟ್ರೆ ಸಾಕ್ಷಿ ಅರ್ಧ ಆಗುತ್ತೆ. ಇವ್ರು ಹುಷಾರಾಗ್ಲಿ ಅಂತ ನೀವೆಲ್ಲ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ರಿ. ದೇವರು ಕೇಳಿದ್ರು. ಹುಷಾರಾಗಿ ಬಂದು ನಿಮ್ಮ ಮುಂದೆ ನಿಂತ್ರೆ ನೀವೇ ನಂಬಲಿಲ್ಲ. ಅಷ್ಟೇ."

ಅವಳು ಬಂದು ಅಪ್ಪನ ಪಕ್ಕ ಕೂತಳು. ಅಯ್ಯನವರು ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿ ಹಾಡಿನ ನಂಬರು ಹೇಳಿದರು. ಕೀಬೋರ್ಡ್ ಶುರುವಾಯಿತು. ನಮ್ಮ ಬೆಂಚಿನಿಂದ ಅಪ್ಪ ಎದ್ದು ನಿಂತು ಬೇಸ್ ಹಾಡಿದರು, ಮೆಲ್ಲಗೆ, ಶ್ರುತಿ ತಪ್ಪದೆ. ಮುಂದೆ ನಿಂತಿದ್ದ ಕ್ವಯರಿನ ಗಂಡಸರು ಅಭ್ಯಾಸ ಬಲದಿಂದ ಅವರ ದನಿಗೇ ತಮ್ಮ ದನಿ ಕೂಡಿಸಿದರು, ಆದರೆ ಹಿಂತಿರುಗಿ ನೋಡಲಿಲ್ಲ. ಕುರ್ಚಿಯನ್ನು ಅಪ್ಪನಿಗೆ ಯಾರೂ ವಾಪಸ್ಸು ಕೊಡಲಿಲ್ಲ. ಅವರು ಬದುಕಿದ್ದಷ್ಟು ವರ್ಷವೂ ಆ ಬೆಂಚಿನಲ್ಲೇ ಹಾಡಿದರು. ಕೇಳುವವರು ಕೇಳುತ್ತಾರೆ, ಅಂಥ ಸಭೆ ಬಿಟ್ಟು ಬೇರೆ ಕಡೆ ಹೋಗಬಾರದಿತ್ತೇ ಅಂತ. ಹೋಗಲಿಲ್ಲ. ನಮಗೆ ಅನ್ನ ಹಾಕಿದವರು ಅವರೇ. ನಾನು ಈಗಲೂ ಅಲ್ಲಿಗೇ ಹೋಗುತ್ತೇನೆ.

ಅವತ್ತು ಮನೆಗೆ ನಡೆದುಕೊಂಡು ಬರುವಾಗ ಅಪ್ಪ ಶೀಲಾಳ ಕೈ ಹಿಡಿದು ಮುಂದೆ ಹೋಗುತ್ತಿದ್ದರು. ನಾನೂ ಅಮ್ಮನೂ ಹಿಂದೆ. ಅಮ್ಮನ ಪಟ್ಟಿಯಲ್ಲಿ ಎರಡು ಹೆಸರು ಇರಲಿಲ್ಲ ಅಂತ ನಾನು ಗಮನಿಸಿದ್ದೆ. ಒಂದು ಲಿಲ್ಲಿ ಟೀಚರದು. ಕೊನೆಯ ಸಾಲಿನಲ್ಲಿ ಅವರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದುದನ್ನೂ ನೋಡಿದ್ದೆ. ಸಾರಕ್ಕಿ ಸಂತೆಯ ಹತ್ತಿರ ಬಂದಾಗ ಧೈರ್ಯ ಮಾಡಿ ಕೇಳಿದೆ.

"ಅಮ್ಮ, ಎಲ್ಲರ ಹೆಸರೂ ಹೇಳ್ದೆ. ನನ್ನದು ಯಾಕೆ ಹೇಳಲಿಲ್ಲ?"

ಅಮ್ಮ ನಡಿಗೆ ನಿಲ್ಲಿಸಲಿಲ್ಲ. ಕೋಪ ಇರಲಿಲ್ಲ, ಬಹಳ ದಣಿದಿದ್ದಳು.

"ನಿನ್ನದು ಹೇಳೋಕೆ ಹೋಗಿದ್ರೆ ಎರಡೂ ಕಡೆ ಹೇಳ್ಬೇಕಿತ್ತು. ಅವರು ಅಕ್ಕಿ ಕೊಟ್ಟಿದ್ದೂ ನಿನ್ನಿಂದ, ಕುರ್ಚಿ ಕಿತ್ಕೊಂಡಿದ್ದೂ ನಿನ್ನಿಂದ. ಎರಡೂ ನಿಜ. ಅದನ್ನ ಮೈಕಿನ ಮುಂದೆ ಹೇಳೋದಕ್ಕೆ ನಾನೇನು ನಿಮ್ಮ ಟೀಚರಾ?"